ಸೊನ್ನೆ ಬೆಳಕು

ತೀವ್ರವಾದ ಲೇಸರ್ ಬೆಳಕಿನಲ್ಲಿ ಎಲೆಕ್ಟ್ರಾನಿನ ಸ್ಪಿನ್ನಿನ ದಿಕ್ಕು ಹೇಗೆ ತಿರುಗುತ್ತದೆಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅದು. ಅವಳು ಮೂರು ವರ್ಷ ಕೂತು ಬರೆದದ್ದು. ಹೆರಿಗೆ ರಜೆಗೆ ಹೊರಟಾಗ ಅದರಲ್ಲೊಂದು ತಪ್ಪು ತಿದ್ದುವುದು ಬಾಕಿಯಿತ್ತು. ಮರಳುವಷ್ಟರಲ್ಲಿ ಅವಳ ಪ್ರೊಫೆಸರರು ಆ ಪ್ರೋಗ್ರಾಂ ಅನ್ನು ತಮ್ಮೊಬ್ಬರ ಹೆಸರಿನಲ್ಲೇ ಪ್ರಕಟಿಸಿಬಿಟ್ಟಿದ್ದರು.

“ನನ್ನ ಹೆಸರೂ ಹಾಕ್ಬಹುದಿತ್ತಲ್ಲ ಸರ್?”

“ನೀನು ಟೈಪ್ ಮಾಡಿದೀಯ ಅಷ್ಟೇ ಕಣಮ್ಮ. ಹೋಗು, ಮಗು ನೋಡ್ಕೋ.”

ತಿದ್ದದೆ ಉಳಿದಿದ್ದ ಆ ತಪ್ಪಿನ ಬಗ್ಗೆ ಅವಳು ಬಾಯಿ ಬಿಡಲಿಲ್ಲ.

ಮರುವರ್ಷ ತುಂಬಿದ ಸಭಾಂಗಣದಲ್ಲಿ ಅವರು ಅದೇ ಪ್ರೋಗ್ರಾಂ ಓಡಿಸಿ ತೋರಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಅವಳು ಎದ್ದು ನಿಂತಳು.

“ಲೇಸರ್ ಸೊನ್ನೆ ಮಾಡಿ ಒಂದ್ಸಲ ಓಡಿಸ್ತೀರಾ ಸರ್?”

“ಬೆಳಕೇ ಇಲ್ದಿದ್ರೆ ಸ್ಪಿನ್ ಅಲ್ಲಾಡೋದೇ ಇಲ್ಲಮ್ಮ. ಬೇಕಾದ್ರೆ ನೋಡು,” ಎಂದು ನಗುತ್ತ ಅವರು ಗುಂಡಿ ಒತ್ತಿದರು.

ಪರದೆಯ ಮೇಲೆ ಸ್ಪಿನ್ ತೋರಿಸುವ ಬಾಣ ಬೆಳಕಿಲ್ಲದೆಯೂ ಗರಗರ ತಿರುಗಿತು. ಲೆಕ್ಕವೆಲ್ಲ ತಪ್ಪೆಂದು ನೆರೆದವರಿಗೆ ಗೊತ್ತಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪ್ರೊಫೆಸರರು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು.

“ತಪ್ಪು ನನ್ನದಲ್ಲ!” ಎಂದು ಮೈಕಿನಲ್ಲೇ ಕೂಗಿದರು. “ಇದರಲ್ಲಿ ಒಂದಕ್ಷರಾನೂ ನಾನು ಬರೆದಿಲ್ಲ. ಪೂರ್ತಿ ಬರೆದೋಳು ಈ ಮೃದುಲಾ!”