ತುಟಿಗಳ ನಡುವಿನ ಗುಂಡುಸೂಜಿ

“ಅಲುಗಾಡದೆ ನಿಂತ್ಕೊಳ್ಳೇ, ಚುಚ್ಚುತ್ತೆ,” ಎಂದು ಗದರಿ, ಬಟ್ಟೆ ಹೊಲಿದು ಬದುಕುವ ಆ ತಾಯಿ ನಾಲ್ಕೈದು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಸ್ಟೂಲಿನ ಮೇಲೆ ಅಳುತ್ತ ನಿಂತಿದ್ದ ಮಗಳ ಲಂಗದ ಮಡಿಕೆ ಬಿಚ್ಚಿ ಅಂಚನ್ನು ಕೆಳಗಿಳಿಸತೊಡಗಿದಳು. ಲಂಗ ಗಿಡ್ಡವಾಯಿತೆಂದು ಮಗಳು ಬೆಳಿಗ್ಗೆಯಿಂದ ರಚ್ಚೆ ಹಿಡಿದಿದ್ದಳು. ಗಂಡ ತೀರಿಕೊಂಡ ಮೇಲೆ ಈ ಮನೆಯಲ್ಲಿ ಯಾವ ಅಳುವೂ ಪೂರ್ತಿಯಾದದ್ದಿಲ್ಲ. ಪ್ರತಿಯೊಂದಕ್ಕೂ ತಾಯಿಯ ಬಳಿ ಒಂದು ಸಮಾಧಾನದ ಮಾತು ಮೊದಲೇ ಕತ್ತರಿಸಿಟ್ಟಂತೆ ಸಿದ್ಧವಿರುತ್ತಿತ್ತು. ಈಗ ಮಾತ್ರ ಅವಳು ಬಾಯಿ ತೆರೆಯುವಂತಿರಲಿಲ್ಲ.

“ನಾನು ಅಳ್ತಿರೋದು ಲಂಗಕ್ಕಲ್ಲಮ್ಮ,” ಎಂದಳು ಮಗಳು, ತಾಯಿಯ ಬೈತಲೆಯನ್ನೇ ನೋಡುತ್ತ. ತಾಯಿ ಅಂಚಿಗೆ ಇನ್ನೊಂದು ಸೂಜಿ ಚುಚ್ಚಿದಳು. “ಅಪ್ಪ ಹೋದ ದಿನ ನೀನು ಔಷಧಿ ತರೋಕೆ ಹೋಗಿದ್ಯಲ್ಲ, ಆಗ ಅಪ್ಪ ನನ್ನ ಕೂಗಿದ್ರು. ನಾನು ನಿದ್ದೆ ಬಂದೋಳ ಥರ ಕಣ್ಮುಚ್ಕೊಂಡೆ. ಹೋದ್ರೆ ಕಾಲು ಒತ್ತು ಅಂತಾರೆ ಅಂತ.”

ತಾಯಿಯ ಕೈ ನಿಂತಿತು. ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ‘ನಿನ್ನ ತಪ್ಪೇನೂ ಇಲ್ಲ, ಮರೆತುಬಿಡು’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದು ಬರುವುದನ್ನು ಬಲ್ಲ ಮಗಳು ಆಗಲೇ ಕಣ್ಣೊರೆಸಿಕೊಂಡು ಮುಖ ತಿರುಗಿಸಿದ್ದಳು. ತಾಯಿ ಆ ಮಾತನ್ನು ನುಂಗಿಕೊಂಡಳು.

“ಏನಂತ ಕೂಗಿದ್ರು, ಪುಟ್ಟಿ?”

ಮಗಳು ಸ್ಟೂಲಿನ ಮೇಲೆಯೇ ಮೆಲ್ಲಗೆ ಕುಸಿದು ಕುಳಿತಳು. “ಗುಬ್ಬೀ ಅಂತ. ಇನ್ನೊಂದ್ಸಲ ಕೂಗಿದ್ರೆ ಎದ್ದು ಹೋಗೋಣ ಅಂತ ಕಾದೆ ಅಮ್ಮ. ಕೂಗ್ಲೇ ಇಲ್ಲ.”