ಬಂಗಾಳದ ಮರಿಯಾ

ಹಳೆಯ ಚರ್ಮದ ರಟ್ಟಿನ ವಾಸನೆ ಬಂದರೆ ಈಗಲೂ ಜಪಾನಿನ ಕೋಬೆಯಲ್ಲಿ ಓದುತ್ತಿದ್ದಾಗಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಅಮ್ಮನೊಂದಿಗೆ ಸಹಪಾಠಿ ಲೀಸಾಳ ಮನೆಗೆ ಹೋಗಿದ್ದೆ. ಅವಳ ಮನೆಯವರು ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್ ಜನ. ಅವಳ ಅಜ್ಜಿ ಮನೆತನದ ಬೈಬಲ್ ಬಿಡಿಸಿ, ಅದರಲ್ಲಿ ಬರೆದಿಟ್ಟಿದ್ದ ತಲೆಮಾರುಗಳ ಹೆಸರುಗಳ ಮೇಲೆ ಬೆರಳೋಡಿಸುತ್ತ ಮೊದಲನೆಯದಕ್ಕೆ ಬಂದರು: ಬಂಗಾಳದ ಮರಿಯಾ.

"ಇವಳನ್ನು ಆಫ್ರಿಕಾಕ್ಕೆ ಗುಲಾಮಳಾಗಿ ತಂದಿದ್ದರು. ನಿನ್ನ ದೇಶದವಳು. ಹಾಗಾದರೆ ನಾವು ನಂಟರು!" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

"ಯಾವ ಜಾತಿಯೋ ಏನೋ," ಎಂದು ಅಮ್ಮ ನನ್ನ ಕಿವಿಯಲ್ಲಿ ಅಂದಳು. ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೇನೋ.

"ನಮ್ಮದು ಭಾರದ್ವಾಜ ಗೋತ್ರ. ನಮ್ಮಲ್ಲಿ ಯಾರೂ ಗುಲಾಮರಿರಲಿಲ್ಲ," ಎಂದು ಹೇಳಿ ನಾನು ತಂದೆ, ತಾತ, ಮುತ್ತಾತರ ಹೆಸರು ಒಪ್ಪಿಸಿದೆ.

"ಮುತ್ತಜ್ಜಿಯ ಹೆಸರು?" ಅಜ್ಜಿ ಪೆನ್ಸಿಲ್ ಎತ್ತಿಕೊಂಡರು.

ನನಗೆ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ. ಅವಳು ಕಿಟಕಿಯತ್ತ ತಿರುಗಿದಳು. ಬಾಯಿಗೆ ಬಂದ ಹೆಸರೊಂದನ್ನು ಹೇಳಿದೆ. ಅವರು ಸ್ಪೆಲಿಂಗ್ ಕೇಳಿ, ಒಂದಕ್ಷರವೂ ತಪ್ಪದಂತೆ ಬರೆದುಕೊಂಡರು.