ವಜ್ರಾಕೃತಿಯ ಒಂದು ಸ್ವರ

ಆ ಕಾಲದ ಅಮೆರಿಕದ ಜಾರ್ಜಿಯಾದಲ್ಲಿ ಒಂದೊಂದು ಸ್ವರವನ್ನು ಒಂದೊಂದು ಆಕಾರದಲ್ಲಿ ಬರೆಯುತ್ತಿದ್ದರು; ಹಾಡಿದ ಸ್ವರ, ಹಾಳೆಯಲ್ಲಿ ಬರೆದ ಆಕಾರದಲ್ಲೇ ಗಟ್ಟಿಯಾಗಿ ಬಾಯಿಂದ ಹಾರುತ್ತಿತ್ತು. ದುಂಡನೆಯದು ಬಾಸುಂಡೆ ಎಬ್ಬಿಸುತ್ತಿತ್ತು, ಚೌಕ ಮೂಳೆ ಮುರಿಯುತ್ತಿತ್ತು. ಶ್ರುತಿ ಸರಿಯಿದ್ದರೆ ವಜ್ರಾಕೃತಿಯ ‘ಮಿ’ ಸ್ವರ ನೇರ ಎದೆಗೇ. ಹೊಸ ಪ್ರಾರ್ಥನಾಗೀತೆ ಕಟ್ಟಿದವನು, ಗಾಯಕರು ಅದನ್ನು ಮೊದಲ ಸಲ ಹಾಡುವಾಗ ಅವರ ನಡುವೆ ನಿಲ್ಲಬೇಕು. ಇಲ್ಲದಿದ್ದರೆ ಹಾಳೆ ಒಲೆಗೆ.

ಗಾಯಕರಲ್ಲೊಬ್ಬಳಾದ ಕೆಜಾಯಾಳ ಅಪ್ಪ, ತಾನು ಕಟ್ಟಿದ ಹಾಡಿಗೆ ನಿಂತಿದ್ದ. ಆಗಲೇ ಕಿವಿ ಹರಿದು, ಹಲ್ಲು ಉದುರಿದ್ದವು. ಇಡೀ ಹಾಡಿನ ಒಂದೇ ಒಂದು ‘ಮಿ’ ಅವಳ ಪಾಲಿಗಿತ್ತು.

“ಅಪ್ಪಾ, ಅದೊಂದು ಬಿಟ್ಬಿಡ್ಲಾ?”

“ಬಿಟ್ರೆ ಅದು ನನ್ನ ಹಾಡಾ? ಹಾಡೇ, ಪುಕ್ಕಲಿ!”

ಅವಳು ಕೂದಲೆಳೆಯಷ್ಟು ಇಳಿಸಿ ಹಾಡಿದಳು. ಅದು ಅವನ ಭುಜ ಸೀಳಿಕೊಂಡು ಹೋಯಿತು. ಮಂಡಿಯೂರಿದ ಅಪ್ಪ ರಕ್ತ ಉಗುಳಿ, ಮುಖ ಸಿಂಡರಿಸಿದ.

“ಬೇಕಂತ್ಲೇ ಶ್ರುತಿ ಇಳಿಸಿದ್ಯಲ್ಲೇ, ಕಳ್ಳಿ. ಇನ್ನೊಂದ್ಸಲ ಹಾಡು.”